ಎರಡು ಸಾವಿರದೊಳಗಿನ ಪಿವಿಸಿ ಹೋಮ್ ಜಿಮ್ ಸೆಟ್: ತಗೋಬಹುದಾ?

ಆನ್‌ಲೈನ್‌ನಲ್ಲಿ ಹತ್ತಾರು ಹೆಸರಿನಲ್ಲಿ ಬಿಕರಿಯಾಗುವ 20 ಕೆಜಿಯ ಪಿವಿಸಿ (ಪ್ಲಾಸ್ಟಿಕ್ ಚಿಪ್ಪಿನ ಪ್ಲೇಟುಗಳ) ಹೋಮ್ ಜಿಮ್ ಸೆಟ್ ಬಹುಮಟ್ಟಿಗೆ ಒಂದೇ ಸರಕು. 3 ಕೆಜಿಯ ನಾಲ್ಕು ಪ್ಲೇಟು, 2 ಕೆಜಿಯ ನಾಲ್ಕು ಪ್ಲೇಟು, 14 ಇಂಚಿನ ಎರಡು ಡಂಬೆಲ್ ರಾಡು, ಎರಡೂ ಕೈಲಿ ಹಿಡಿಯುವ 3 ಅಡಿಯ ಬಾಗಿದ ಕರ್ಲ್ ರಾಡು ಒಂದು, ನಟ್‌ಗಳು. ಗ್ಲೌಸು, ಸ್ಕಿಪ್ಪಿಂಗ್ ಹಗ್ಗ, ಕೈ ಗ್ರಿಪ್ಪರ್ ಕೂಡ ಇರುತ್ತವೆ. ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಗ್ಲೌಸಿನ ಹೊಲಿಗೆ ಎರಡು ತಿಂಗಳು ಬಂದರೆ ಪುಣ್ಯ. ಹೊಸದಾಗಿ ಶುರುಮಾಡುವವರು ಈ ಸೆಟ್ ಧಾರಾಳವಾಗಿ ತಗೋಬಹುದು. ಆದರೆ ಇದರಲ್ಲಿ ಒಂದು ದೊಡ್ಡ ಕೊರತೆ ಇದೆ, ಮಾರುವವರು ಯಾರೂ ಅದನ್ನು ಹೇಳುವುದಿಲ್ಲ.

ಡಂಬೆಲ್‌ನ ಎರಡೂ ತುದಿಗೆ ಸಮ ತೂಕ ಬೇಕು, ಎರಡು ಕೈಗೂ ಒಂದೇ ತೂಕ ಬೇಕು. ಹಾಗಾಗಿ ಈ ಎಂಟು ಪ್ಲೇಟಿನಲ್ಲಿ ಒಂದೊಂದು ಕೈಗೆ, ರಾಡಿನ ತೂಕ ಬಿಟ್ಟು, ಮೂರೇ ತೂಕ ಸಿಗುತ್ತದೆ: 4, 6, 10 ಕೆಜಿ. 6ರಲ್ಲಿ ಹನ್ನೆರಡು ಸಲ ಸಲೀಸಾಗಿ ಎತ್ತಿದಿರಿ, ಮುಂದೆ? ಒಂದೇಟಿಗೆ 10. ಭುಜದ ವ್ಯಾಯಾಮಕ್ಕೆ ಈ ಜಿಗಿತ ಆಗದ ಮಾತು. ಜನ ಇಲ್ಲಿ ಸೊಂಟ ಬಾಗಿಸಿ, ಕೈ ಬೀಸಿ ಎತ್ತತೊಡಗುತ್ತಾರೆ. ಭುಜ ಹಿಡಿದುಕೊಳ್ಳುತ್ತದೆ, ಸೆಟ್ ಮಂಚದಡಿ ಸೇರುತ್ತದೆ. ಇದೇ ಪ್ಲೇಟುಗಳನ್ನು ಕರ್ಲ್ ರಾಡಿಗೆ ಹಾಕಿದರೆ ಕಥೆ ಬೇರೆ. 4ರಿಂದ 16ರವರೆಗೆ ಎರಡೆರಡು ಕೆಜಿ ಏರಿಸಬಹುದು, 18 ಮಾತ್ರ ತಪ್ಪಿ 20ಕ್ಕೆ ಹೋಗುತ್ತದೆ.

ಪರಿಹಾರ ಸುಲಭ. 1 ಕೆಜಿಯ ನಾಲ್ಕು ಪ್ಲೇಟು ಬಿಡಿಯಾಗಿ ಕೊಳ್ಳಿ. ಆಗ ಡಂಬೆಲ್ 2, 4, 6, 8, 10, 12 ಎಂದು ಸಮವಾಗಿ ಏರುತ್ತದೆ. ಅರ್ಧ ಕೆಜಿಯವೂ ನಾಲ್ಕು ಸಿಕ್ಕರೆ ಒಂದೊಂದೇ ಕೆಜಿ ಏರಿಸಬಹುದು. ಇವು ಮಾತ್ರ ಎರಕದ ಕಬ್ಬಿಣದವೇ ಆಗಿರಲಿ, ಕಾರಣ ಮುಂದಿದೆ. ಅಷ್ಟರವರೆಗೆ 6 ಕೆಜಿಯಲ್ಲೇ ಹದಿನೈದು–ಇಪ್ಪತ್ತು ಸಲ ಎತ್ತಿ, ಇಳಿಸುವಾಗ ಮೂರು ಸೆಕೆಂಡು ತಗೊಳ್ಳಿ.

ತೂಕವನ್ನು ಚೂರುಚೂರೇ ಏರಿಸಬೇಕು ಎನ್ನುವುದು ಹಳೆಯ ಪಾಠ. 1902ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆಲನ್ ಕ್ಯಾಲ್ವರ್ಟ್ ತೂಕ ಹೆಚ್ಚುಕಡಿಮೆ ಮಾಡಬಲ್ಲ ಬಾರ್ಬೆಲ್ ಮಾರಲು ಕಂಪನಿ ತೆರೆದಾಗ ಅದಕ್ಕೆ ಮೈಲೋ ಎಂದೇ ಹೆಸರಿಟ್ಟ. ಕರುವನ್ನು ದಿನವೂ ಹೊತ್ತು, ಅದು ಹೋರಿಯಾದ ಮೇಲೂ ಹೊತ್ತ ಎಂದು ಕಥೆಯಿರುವ ಗ್ರೀಕ್ ಜಟ್ಟಿಯ ಹೆಸರು ಅದು. ಎರಡನೇ ಮಹಾಯುದ್ಧದ ಗಾಯಾಳು ಸೈನಿಕರ ಕಾಲಿಗೆ ಬಲ ತುಂಬಿದ ವೈದ್ಯ ಥಾಮಸ್ ಡಿಲೋರ್ಮ್ 1945ರಲ್ಲಿ ಪ್ರಕಟಿಸಿದ ವಿಧಾನವೂ ಇದೇ: ಹತ್ತು ಸಲ ಎತ್ತಲಾಗುವ ತೂಕ ಕಂಡುಕೊಳ್ಳುವುದು, ಬಲ ಬಂದಂತೆ ಅದನ್ನು ಏರಿಸುತ್ತ ಹೋಗುವುದು. ಸಣ್ಣ ಪ್ಲೇಟೇ ಇಲ್ಲದ ಸೆಟ್ಟಿನಲ್ಲಿ ಏರಿಸುವುದಾದರೂ ಹೇಗೆ?

ಇನ್ನು ಸಾಮಾನಿನ ಗುಣ. ಪ್ಲೇಟಿನ ಪ್ಲಾಸ್ಟಿಕ್ ಚಿಪ್ಪಿನೊಳಗೆ ಇರುವುದು ಸಿಮೆಂಟು, ಮರಳಿನಂಥ ಮಿಶ್ರಣ. ಕಬ್ಬಿಣದ ಸಾಂದ್ರತೆಯ ಮೂರನೇ ಒಂದು ಭಾಗವೂ ಅದಕ್ಕಿಲ್ಲ. ಹಾಗಾಗಿ ಪ್ಲೇಟು ದಪ್ಪ. 14 ಇಂಚಿನ ರಾಡಿನಲ್ಲಿ ಹಿಡಿಕೆ ಕಳೆದರೆ ಒಂದು ಬದಿಗೆ ಉಳಿಯುವುದು ಸುಮಾರು ನಾಲ್ಕೂವರೆ ಇಂಚು. 3 ಮತ್ತು 2 ಕೆಜಿ ಕೂರಿಸಿದರೆ ನಟ್‌ಗೆ ಮಾತ್ರ ಜಾಗ. ಅದರ ಮೇಲೆ ಪಿವಿಸಿಯದೇ 1 ಕೆಜಿ ಸೇರಿಸಿದರೆ ನಟ್ ಪೂರ್ತಿ ಕೂರುವುದಿಲ್ಲ. ಎಲ್ಲ ಥ್ರೆಡ್ಡೂ ಹಿಡಿಯದ ನಟ್ ಮುಖದ ಮೇಲೆ ಬಿಚ್ಚಿಕೊಂಡರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಕಬ್ಬಿಣದ ಪ್ಲೇಟು ಕೊಳ್ಳುವಾಗ ತೂತು ನೋಡಿ: ಈ ರಾಡಿಗೆ ಒಂದು ಇಂಚಿನ ಆಸುಪಾಸಿನದು ಬೇಕು, ದೊಡ್ಡ ಜಿಮ್ಮಿನ ಎರಡಿಂಚಿನ ಒಲಿಂಪಿಕ್ ಪ್ಲೇಟು ಇದರಲ್ಲಿ ಲೊಡಲೊಡ ಎನ್ನುತ್ತದೆ.

ನಟ್‌ಗಳ ಮೇಲೆ ಸದಾ ಕಣ್ಣಿರಲಿ. ಎರಡೂ ತುದಿಯ ಥ್ರೆಡ್ ಬಲಕ್ಕೇ ತಿರುಗುವುದರಿಂದ, ಎತ್ತುವಾಗ ಪ್ಲೇಟು ತಿರುಗಿದರೆ ಒಂದು ತುದಿಯ ನಟ್ ಬಿಗಿಯಾಗುತ್ತದೆ, ಇನ್ನೊಂದರದು ಸಡಿಲವಾಗುತ್ತದೆ. ತಡೆಯುವುದು ನಟ್ಟಿನೊಳಗಿನ ಕಪ್ಪು ರಬ್ಬರ್ ಉಂಗುರ ಮಾತ್ರ. ಅದು ಉದುರಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ವಾಷರ್ ತಂದು ಹಾಕಿ. ಕೆಲವೇ ರೂಪಾಯಿಯ ಕೆಲಸ. ಪ್ರತಿ ಸುತ್ತು ಎತ್ತುವ ಮುಂಚೆ ನಾಲ್ಕೂ ನಟ್ ಬಿಗಿಮಾಡಿ.

ಪಾರ್ಸೆಲ್ ಬಿಚ್ಚಿದ ಕೂಡಲೇ ಪ್ಲೇಟುಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬಂದ ತೂಕವನ್ನು ಮಾರ್ಕರಿನಲ್ಲಿ ಪ್ಲೇಟಿನ ಮೇಲೇ ಬರೆಯಿರಿ. ಹತ್ತಿರದ ತೂಕದವನ್ನು ಜೋಡಿ ಮಾಡಿ ಎರಡು ಬದಿಗೆ ಹಾಕಿ. ವ್ಯತ್ಯಾಸ ಕಾಲು ಕೆಜಿ ದಾಟಿದರೆ ವಾಪಸ್ ಕಳಿಸುವುದೇ ಸರಿ. ಅಂಚಿನ ಬೆಸುಗೆಯನ್ನೂ, ಮಿಶ್ರಣ ತುಂಬಿದ ತೂತಿನ ಮುಚ್ಚಳವನ್ನೂ ಬೆರಳಾಡಿಸಿ ನೋಡಿ. ಬೂದುಬಣ್ಣದ ಪುಡಿ ಅಂಟಿದರೆ ಆ ಪ್ಲೇಟು ಆಗಲೇ ಸೋರುತ್ತಿದೆ. ನೆಲದ ಮೇಲೆ ಅಂಚಿಗೆ ಬಿದ್ದರೆ ಒಡೆಯುವುದೂ ಅಲ್ಲೇ, ದಪ್ಪ ಮ್ಯಾಟು ಹಾಸಿಕೊಳ್ಳಿ. ಪ್ಲಾಸ್ಟಿಕ್ ನಾತಕ್ಕೆ ಬಾಲ್ಕನಿಯ ನೆರಳು ಸಾಕು, ಬಿಸಿಲಿಗಿಟ್ಟರೆ ಚಿಪ್ಪು ಪೆಡಸಾಗುತ್ತದೆ. ಕರಾವಳಿಯವರು ರಾಡಿಗೆ ಎಣ್ಣೆ ಕೈ ಆಡಿಸುತ್ತಿರಬೇಕು. ಕ್ರೋಮ್ ಎದ್ದ ಕಡೆ ತುಕ್ಕು ತಕ್ಷಣ ಹಿಡಿಯುತ್ತದೆ.

ಈ ಸೆಟ್ಟಿನಲ್ಲಿ ಚೆನ್ನಾಗಿ ಆಗುವುದು ಕರ್ಲ್ (ಮೊಣಕೈ ಮಡಚಿ ಎತ್ತುವುದು), ರೋ (ಮುಂದೆ ಬಾಗಿ ಹೊಟ್ಟೆಯತ್ತ ಎಳೆಯುವುದು), ಭುಜದ ಪ್ರೆಸ್ (ತಲೆಯ ಮೇಲಕ್ಕೆ ಎತ್ತುವುದು). ಕಾಲಿಗೆ 20 ಕೆಜಿ ಬೇಗ ಸಾಲದಾಗುತ್ತದೆ. ಹಿಂಗಾಲನ್ನು ಕುರ್ಚಿಯ ಮೇಲಿಟ್ಟು ಒಂಟಿಕಾಲಿನ ಸ್ಕ್ವಾಟ್ ಮಾಡಿದರೆ ಅದೇ ತೂಕ ಇನ್ನೂ ಕೆಲವು ತಿಂಗಳು ಬೆವರಿಳಿಸುತ್ತದೆ. ನೆಲದ ಮೇಲಿನ ರಾಡು ಹಿಡಿದು ನೆಟ್ಟಗೆ ಏಳುವ ಡೆಡ್‌ಲಿಫ್ಟ್‌ಗೆ ಒಂದು ತೊಡಕಿದೆ: ದೊಡ್ಡ ಪ್ಲೇಟಿನ ಅಗಲ 45 ಸೆಂ.ಮೀ. ಇರುವುದರಿಂದ ಜಿಮ್ಮಿನಲ್ಲಿ ರಾಡು ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ. ಇಲ್ಲಿನ ಪುಟ್ಟ ಪ್ಲೇಟಿನಲ್ಲಿ ಅದರ ಅರ್ಧದಷ್ಟೇ, ಬೆನ್ನು ಗೂನಾಗುತ್ತದೆ. ಎರಡು ಬದಿಗೂ ಇಟ್ಟಿಗೆ ಕೊಟ್ಟು ಎತ್ತರ ಮಾಡಿ. ಎದೆಗೆ ಸೆಟ್ಟನ್ನು ನಂಬುವುದಕ್ಕಿಂತ ದಂಡ ಹೊಡೆಯುವುದು ಲೇಸು. ಬೆಂಗಳೂರಿನ ಕೆ.ವಿ. ಅಯ್ಯರ್ ತಮ್ಮ ವ್ಯಾಯಾಮಶಾಲೆಯಲ್ಲಿ ಬಾರ್ಬೆಲ್ ಜೊತೆಗೇ ಸೂರ್ಯನಮಸ್ಕಾರ ಹೇಳಿಕೊಟ್ಟವರು; ಎರಡಕ್ಕೂ ಜಗಳವಿಲ್ಲ.

ಕೆಲವು ಸೆಟ್ಟಿನ ಜೊತೆ ಡಯಟ್ ಚಾರ್ಟೂ ಬರುತ್ತದೆ: ಬ್ರೊಕೊಲಿ, ಓಟ್ಸು, ಚಿಕನ್ ಬ್ರೆಸ್ಟು. ಕಸದ ಬುಟ್ಟಿಗೆ ಹಾಕಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಸಾಮಾನ್ಯರಿಗೆ ಹೇಳಿದ್ದು ಕೆಜಿ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು. ತೂಕ ಎತ್ತುವವರಿಗೆ 1.6 ಗ್ರಾಂ ಸುತ್ತಮುತ್ತ ಇದ್ದರೆ ಸಾಕು. 60 ಕೆಜಿಯವರಿಗೆ 96 ಗ್ರಾಂ ಆಯಿತು. ಸೋಯಾ ಚಂಕ್ಸ್ 50 ಗ್ರಾಂ (26), ಹಾಲು ಅರ್ಧ ಲೀಟರು (16), ತೊಗರಿಬೇಳೆ 75 ಗ್ರಾಂ (16), ಮೊಟ್ಟೆ ಮೂರು (18), ಅಕ್ಕಿ–ರಾಗಿ ಸೇರಿ 300 ಗ್ರಾಂ (ಸುಮಾರು 22). ಮೊಟ್ಟೆ ತಿನ್ನದವರು 100 ಗ್ರಾಂ ಪನೀರ್ ಹಾಕಿಕೊಳ್ಳಲಿ. ಬೇಳೆ, ಸೋಯಾ ಎಲ್ಲ ಒಣ ತೂಕ. ಬೇಯಿಸಿದ ಮೇಲೆ ತೂಗಿದರೆ ಲೆಕ್ಕ ಕೆಡುತ್ತದೆ.

ಜಿಮ್ಮಿನಲ್ಲಿ ಆಗಲೇ ವರ್ಷ ಕಳೆದವರಿಗೆ ಈ ಸೆಟ್ ಬೇಡ, ಆ ದುಡ್ಡನ್ನು ಕಬ್ಬಿಣಕ್ಕೆ ಹಾಕಲಿ. ಹೊಸಬರು 30, 40 ಕೆಜಿಯ ಪಿವಿಸಿ ಸೆಟ್ಟಿಗೆ ಆಸೆಪಡದೆ 20ರದ್ದೇ ತರಿಸಿ, ಉಳಿದದ್ದರಲ್ಲಿ ಆ ನಾಲ್ಕು 1 ಕೆಜಿ ಪ್ಲೇಟು ತಗೊಳ್ಳಲಿ.