ಸೊಂಟದ ಬಾಗು ಅಳೆಯಲು ಇನ್‌ಕ್ಲಿನೋಮೀಟರ್, ಫ್ಲೆಕ್ಸಿಕರ್ವ್, ಫೋನ್: ಯಾವುದು ಕೈಗೆ ಒಗ್ಗುತ್ತದೆ?

ಎಕ್ಸ್‌ರೇ ಇಲ್ಲದೆ ಸೊಂಟದ ಬಾಗನ್ನು, ಅಂದರೆ ಬೆನ್ನುಮೂಳೆ ಸೊಂಟದ ಬಳಿ ಒಳಕ್ಕೆ ಬಾಗಿರುವುದನ್ನು, ಡಿಗ್ರಿಯಲ್ಲಿ ಹಿಡಿಯಬೇಕೆಂದರೆ ನನ್ನ ಮೊದಲ ಆಯ್ಕೆ ದ್ರವ ತುಂಬಿದ ಸಾದಾ ಇನ್‌ಕ್ಲಿನೋಮೀಟರ್, ಅಂದರೆ ವಾಲಿಕೆಯನ್ನು ಡಯಲ್ ಮೇಲೆ ತೋರಿಸುವ ಸಾಧನ. ಎರಡಿದ್ದರೆ ಅನುಕೂಲ, ಒಂದೇ ಇದ್ದರೂ ನಡೆಯುತ್ತದೆ. ಬಗ್ಗಿಸಿದ ಆಕಾರದಲ್ಲೇ ನಿಲ್ಲುವ ಪಟ್ಟಿಯಾದ ಫ್ಲೆಕ್ಸಿಕರ್ವ್ ಅದಕ್ಕಿಂತ ಅಗ್ಗ, ಬೆನ್ನಿನ ಆಕಾರವನ್ನೇ ಕಾಗದಕ್ಕೆ ಇಳಿಸಿಕೊಡುತ್ತದೆ, ನಿಜ. ಆದರೆ ಸಹಾಯಕರಿಲ್ಲದೆ, ಅದೇ ರೋಗಿಯನ್ನು ವಾರ ಬಿಟ್ಟು ವಾರ ಅಳೆಯುವವರಿಗೆ ಅದು ಸರಿಹೋಗುವುದಿಲ್ಲ.

ಸಾಧನ ಯಾವುದಾದರೂ ಗುರುತು ತಪ್ಪಿದರೆ ಅಳತೆ ಕೆಟ್ಟಿತು. ಸೊಂಟದ ಹಿಂದಿನ ಎರಡು ಗುಳಿಗಳಲ್ಲಿ ಬೆರಳಿಗೆ ಸಿಗುವ ಮೂಳೆಗಂಟುಗಳನ್ನು ಸೇರಿಸಿ ಗೆರೆ ಎಳೆದರೆ ಅದು ಬೆನ್ನುಮೂಳೆಯನ್ನು ಎಸ್‌2 (ಸೊಂಟದ ಕೆಳಗಿನ ತ್ರಿಕಾಸ್ಥಿಯ ಎರಡನೇ ಕಶೇರು, ಅಂದರೆ ಬೆನ್ನುಮೂಳೆಯ ಮಣಿ) ಬಳಿ ದಾಟುತ್ತದೆ. ಅಲ್ಲಿಂದ ಮೇಲಕ್ಕೆ ಎಣಿಸುತ್ತಾ ಟಿ12 (ಎದೆಯ ಭಾಗದ ಕೊನೆಯ ಕಶೇರು) ಮುಟ್ಟಬೇಕು. ಸೊಂಟದ ಮೂಳೆಯ ಮೇಲಂಚಿನ ಗೆರೆ ಎಲ್‌4 (ಸೊಂಟದ ನಾಲ್ಕನೇ ಕಶೇರು) ಎಂದು ಎಲ್ಲರೂ ಕಲಿತಿರುತ್ತೇವೆ. ಚರ್ಮ, ಕೊಬ್ಬಿನ ಮೇಲಿಂದ ಒತ್ತಿ ಹುಡುಕಿದಾಗ ಆ ಗೆರೆ ಒಂದು ಕಶೇರು ಮೇಲಕ್ಕೆ ಬೀಳುವುದು ಮಾಮೂಲು. ಹಾಗಾಗಿ ಎರಡೂ ಗೆರೆಗಳಿಂದ ಮಾಡಿದ ಎಣಿಕೆ ತಾಳೆಯಾಗುತ್ತದೆಯೇ ನೋಡಿ. ಮಲಗಿಸಿ ಗುರುತು ಹಾಕಬೇಡಿ, ಎದ್ದು ನಿಂತಾಗ ಚರ್ಮ ಜರುಗಿರುತ್ತದೆ. ಟಿ12, ಎಸ್‌2 ಎಂಬ ಎರಡು ಗುರುತುಗಳ ನಡುವಿನ ಅಂತರವನ್ನು ಬರೆದಿಟ್ಟುಕೊಂಡರೆ ಮುಂದಿನ ಸಲ ತಡಕಾಡುವುದು ತಪ್ಪುತ್ತದೆ.

ಈಗ ಫ್ಲೆಕ್ಸಿಕರ್ವ್ ತಕರಾರು. ಪಟ್ಟಿಯನ್ನು ಬೆನ್ನಿಗೆ ಒತ್ತಿ, ಎರಡು ಗುರುತುಗಳನ್ನೂ ಅದರ ಮೇಲೆ ಹಾಕಿ, ಕಾಗದದ ಮೇಲಿಟ್ಟು ಗೆರೆ ಎಳೆಯಬೇಕು. ಕಷ್ಟವೆಲ್ಲ ಬೆನ್ನಿನಿಂದ ಮೇಜಿಗೆ ಹೋಗುವ ಆ ಎರಡು ಹೆಜ್ಜೆಯಲ್ಲೇ ಇದೆ. ಒಂದು ತುದಿ ಹಿಡಿದು ಎತ್ತಿದರೆ ಇನ್ನೊಂದು ತುದಿ ತನ್ನ ಭಾರಕ್ಕೇ ಜೋಲುತ್ತದೆ. ಎರಡೂ ತುದಿ ಹಿಡಿದರೆ ನಮಗರಿವಿಲ್ಲದೆ ಬಾಗು ಅಗಲವಾಗುತ್ತದೆ. ಬಳಸಿ ಬಳಸಿ ಒಳಗಿನ ಲೋಹ ಸಡಿಲವಾದ ಪಟ್ಟಿಯಂತೂ ಇಟ್ಟ ಆಕಾರದಲ್ಲಿ ನಿಲ್ಲುವುದೇ ಇಲ್ಲ. ಚರ್ಮಕ್ಕೆ ತಾಗಿದ ಅಂಚಿನ ಬದಲು ಹೊರಗಿನ ಅಂಚಿನಲ್ಲಿ ಗೆರೆ ಎಳೆದರೆ ಪಟ್ಟಿಯ ದಪ್ಪವೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕೆ ತಲೆಕೆಡಿಸಿಕೊಳ್ಳಬೇಕು ಅಂದರೆ, ಸೂತ್ರ ಅದನ್ನು ದೊಡ್ಡದು ಮಾಡುತ್ತದೆ. ಎರಡು ಗುರುತುಗಳ ನಡುವಿನ ನೇರ ಉದ್ದ, ಆ ಗೆರೆಯಿಂದ ಬಾಗಿನ ಅತಿ ಹೆಚ್ಚಿನ ಆಳ, ಇವೆರಡೇ ಬೇಕಾದ ಅಳತೆ. ಕೋನ = 4 × ಟ್ಯಾನ್ ಇನ್ವರ್ಸ್ (2 × ಆಳ ÷ ಉದ್ದ). ಉದ್ದ 16 ಸೆಂ.ಮೀ., ಆಳ 1.6 ಸೆಂ.ಮೀ. ಇದ್ದರೆ ಸುಮಾರು 45 ಡಿಗ್ರಿ. ಆಳ ಬರೀ 2 ಮಿ.ಮೀ. ಹೆಚ್ಚಾಗಿ 1.8 ಆದರೆ ಸುಮಾರು 51 ಡಿಗ್ರಿ! ಆರು ವಾರದ ವ್ಯಾಯಾಮದಿಂದ ಬಾಗು ಬದಲಾಯಿತು ಎಂದು ರೋಗಿಗೆ ಹೇಳುವ ಮುನ್ನ ಆ 2 ಮಿ.ಮೀ. ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲೇಬೇಕು. ಜೊತೆಗೆ ಸೂತ್ರ ಬಾಗನ್ನು ವೃತ್ತದ ತುಂಡು ಎಂದುಕೊಳ್ಳುತ್ತದೆ. ಕೆಳಗಡೆ ಮಾತ್ರ ಚೂಪಾಗಿ ಬಾಗಿದ ಬೆನ್ನಿಗೆ ಅದು ಸರಿಹೊಂದದು. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೇ ಎಂದೂ ನೋಡಿಕೊಳ್ಳಿ, ರೇಡಿಯನ್‌ನಲ್ಲಿದ್ದರೆ 45ರ ಜಾಗದಲ್ಲಿ 0.79 ಬರುತ್ತದೆ.

ಇನ್‌ಕ್ಲಿನೋಮೀಟರಿನಲ್ಲಿ ಈ ಗುಣಾಕಾರದ ಕಾಟವಿಲ್ಲ. ಓದುವಾಗ 2 ಡಿಗ್ರಿ ತಪ್ಪಿದರೆ ಉತ್ತರವೂ 2 ಡಿಗ್ರಿಯಷ್ಟೇ ತಪ್ಪುತ್ತದೆ. ಬರಿಗಾಲಲ್ಲಿ, ಪಾದಗಳ ನಡುವೆ ಭುಜದಷ್ಟು ಅಂತರವಿಟ್ಟು, ಕೈ ಇಳಿಬಿಟ್ಟು ನಿಲ್ಲಿಸಿ. ಕೈ ಮುಂದಕ್ಕೆ ಚಾಚಿದರೆ ಮೈಭಾರ ಹಿಂದಕ್ಕೆ ಸರಿದು ಬಾಗೇ ಬದಲಾಗುತ್ತದೆ. ಸಾಧನದ ಎರಡು ಕಾಲುಗಳ ನಡುವೆ ಗುರುತು ಬರುವಂತೆ ಇಟ್ಟು, ಸಹಜವಾಗಿ ಉಸಿರು ಬಿಟ್ಟ ಕೊನೆಗೆ, ದ್ರವ ನಿಂತ ಮೇಲೆ, ಕಣ್ಣನ್ನು ಡಯಲ್ ಮಟ್ಟಕ್ಕೆ ತಂದು ಓದಿ. ಟಿ12ರಲ್ಲಿ 18, ಎಸ್‌2ರಲ್ಲಿ 22 ಬಂದರೆ, ವಾಲಿಕೆಗಳು ಎದುರುಬದುರು ದಿಕ್ಕಿನವಾದ್ದರಿಂದ ಕೂಡಬೇಕು: 40. ಮುಂದಕ್ಕೆ ಬಗ್ಗಿಸಿ ಅಳೆಯುವಾಗ ಮಾತ್ರ ಕಳೆಯಬೇಕು. ಮೇಲಿನ ಗುರುತಿನಲ್ಲಿ 95 ಡಿಗ್ರಿ, ಕೆಳಗಿನದರಲ್ಲಿ 45 ಡಿಗ್ರಿ ಬದಲಾದರೆ ಸೊಂಟದ್ದು 50. ಉಳಿದದ್ದು ತೊಡೆಯ ಕೀಲಿನದು. ಮೂರು ಸಲ ಓದಿ ಸರಾಸರಿ ತೆಗೆಯಿರಿ, ಪ್ರತಿ ಸಲವೂ ಸಾಧನವನ್ನು ಪೂರ್ತಿ ಎತ್ತಿ ಇಡಿ.

ದುಡ್ಡು ಹಾಕಲು ಆಗದಿದ್ದರೆ ಫೋನ್ ನನ್ನ ಎರಡನೇ ಆಯ್ಕೆ. ವಾಲಿಕೆ ಅರಿಯುವ ಒಳಗಿನ ಸೆನ್ಸರ್ ಈ ಕೆಲಸಕ್ಕೆ ಸಾಕು, ತೊಂದರೆ ಫೋನಿನ ಆಕಾರದ್ದು. ಉದ್ದಕ್ಕೆ ಇಟ್ಟರೆ ಬಾಗಿನ ಮೇಲೆ ಸೇತುವೆಯಂತೆ ಕೂರುತ್ತದೆ. ಕವರ್ ತೆಗೆದು, ಕಿರಿಯ ಅಂಚನ್ನು ಬೆನ್ನುಮೂಳೆಗೆ ತಾಗಿಸಿ, ಪರದೆ ಪಕ್ಕಕ್ಕೆ ಬರುವಂತೆ ಹಿಡಿಯಿರಿ. ಸಂಖ್ಯೆಯನ್ನು ಹಿಡಿದು ನಿಲ್ಲಿಸುವ ಬಟನ್ ಇಲ್ಲದ ಆ್ಯಪ್ ಬೇಡ.

ಮುಂದಕ್ಕೆ ಬಗ್ಗಿದಾಗ ಸೊಂಟದ ಮೇಲಿನ ಗುರುತುಗಳು ಎಷ್ಟು ದೂರ ಸರಿದವು ಎಂದು ನೋಡುವ ಟೇಪಿನ ಷೋಬರ್ ಪರೀಕ್ಷೆ ಸೆಂಟಿಮೀಟರ್ ಕೊಡುತ್ತದೆ, ಕೋನವನ್ನಲ್ಲ. ಬೆನ್ನ ಮೇಲೆ ಉರುಳಿಸುವ ಸ್ಪೈನಲ್ ಮೌಸ್ ಕುತ್ತಿಗೆಯ ಬುಡದಿಂದ ಕೆಳಗಿನವರೆಗೂ ಒಂದೇ ಎಳೆತಕ್ಕೆ ಓದುತ್ತದೆ, ಆದರೆ ಸಣ್ಣ ಕ್ಲಿನಿಕ್ಕಿನ ಬಜೆಟ್ಟಿನದಲ್ಲ.

ಇವುಗಳಲ್ಲಿ ಯಾವುದರ ಸಂಖ್ಯೆಯನ್ನೂ ಎಕ್ಸ್‌ರೇ ಚಿತ್ರದಲ್ಲಿ ಕಶೇರುಗಳ ಅಂಚಿಗೆ ಗೆರೆ ಎಳೆದು ತೆಗೆಯುವ ಕಾಬ್ ಕೋನದ ಪಕ್ಕದಲ್ಲಿಟ್ಟು ಹೋಲಿಸಬೇಡಿ. ಅದು ಕಶೇರುಗಳ ದೇಹವನ್ನು ಅಳೆಯುತ್ತದೆ, ಇವು ಚರ್ಮದ ಮೇಲ್ಮೈಯನ್ನು.

ಇನ್‌ಕ್ಲಿನೋಮೀಟರ್ ಕೊಳ್ಳುವಾಗ ಮೇಜಿನ ಮೇಲಿಟ್ಟು ಓದಿ, ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿ ಮತ್ತೆ ಓದಿ. ವಾಲಿದ ದಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಮೇಜು ಓರೆಯಿದ್ದರೂ ಎರಡು ಓದುಗಳು ಶೂನ್ಯದ ಎರಡು ಪಕ್ಕಕ್ಕೆ ಒಂದೇ ಅಳತೆಯಲ್ಲಿ ಬೀಳಬೇಕು. ಹಾಗೆ ಬೀಳದಿದ್ದರೆ ಡಯಲ್ ತಿರುಗಿಸಿ ಸರಿಪಡಿಸಬಹುದಾದದ್ದನ್ನೇ ಆರಿಸಿಕೊಳ್ಳಿ.