ಫೀಲರ್ ಗೇಜ್ ಸೆಟ್: ಮನೆಯಲ್ಲೇ ವಾಲ್ವ್ ಅಂತರ ನೋಡಿಕೊಳ್ಳುವವರಿಗೆ

ಗಾಡಿಯ ಎಂಜಿನ್‌ನಲ್ಲಿ ವಾಲ್ವ್ ತುದಿಗೂ ಅದನ್ನು ಒತ್ತಿ ತೆರೆಯುವ ತೋಳಿಗೂ (ರಾಕರ್ ಆರ್ಮ್) ನಡುವಿನ ಸಣ್ಣ ಸಂದೇ ವಾಲ್ವ್ ಅಂತರ; ಅದನ್ನು ಅಳೆಯುವ ತೆಳು ಲೋಹದ ಪಟ್ಟಿಗಳ ಕಟ್ಟೇ ಫೀಲರ್ ಗೇಜ್. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಕೊಂಡ ಈ ಫೀಲರ್ ಗೇಜ್ ಸೆಟ್‌ನ ದೊಡ್ಡ ಗುಣವೆಂದರೆ, ಇದರಲ್ಲಿ 0.05 ಮತ್ತು 0.10 ಮಿ.ಮೀ. ನಡುವಿನ ತೆಳು ಪಟ್ಟಿಗಳೂ ಇವೆ. ಅಗ್ಗದ ಸೆಟ್‌ಗಳಲ್ಲಿ ಹಲವು 0.05ರ ಲೆಕ್ಕದಲ್ಲೇ ಏರುತ್ತವೆ, 0.08 ಬೇಕಾದಾಗ ಅವು ಕೈಕೊಡುತ್ತವೆ.

ಪಿಸ್ಟನ್ನನ್ನು ಕಂಪ್ರೆಷನ್ ಹಂತದ ತುತ್ತತುದಿಗೆ ತಂದು, ಫ್ಲೈವ್ಹೀಲ್‌ನ 'ಟಿ' ಗುರುತನ್ನು ಹೊಂದಿಸಿ, ರಾಕರ್ ಆರ್ಮ್‌ಗಳೆರಡೂ ತುಸು ಅಲುಗುತ್ತವೆಂದು ಖಚಿತಪಡಿಸಿಕೊಂಡು, ಅಡ್ಜಸ್ಟರ್ ಸ್ಕ್ರೂ ಮತ್ತು ವಾಲ್ವ್ ತುದಿಯ ನಡುವೆ ಪಟ್ಟಿ ಸರಿಸಿದರೆ, ಹದವಾದ ಬಿಗಿತ ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಕೊಂಚ ತಿರುಗುವುದರಿಂದ ಮತ್ತೊಮ್ಮೆ ಅಳೆಯಲೇಬೇಕು. ಅಂತರ ಹೆಚ್ಚಾದರೆ ಟಿಕ್‌ಟಿಕ್ ಸದ್ದು ಎಚ್ಚರಿಸುತ್ತದೆ; ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಆದ್ದರಿಂದ ಸದ್ದಿಲ್ಲದ ಎಂಜಿನ್ನೇ ಆರೋಗ್ಯವಂತ ಎಂಜಿನ್ ಎಂಬ ನಂಬಿಕೆ ಅಪಾಯಕಾರಿ.

ನಮ್ಮ ಊರಿನವರು ಇನ್ನೊಂದು ಸಂಗತಿ ಗಮನಿಸಬೇಕು. ಹೋಂಡಾದ ಹಲವು ಕೈಪಿಡಿಗಳು ಎಂಜಿನ್ 35 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವಾಗಲೇ ಅಳೆಯಬೇಕೆನ್ನುತ್ತವೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಇಲ್ಲಿ, ಮಧ್ಯಾಹ್ನದ ಹೊತ್ತಿಗೆ ನಿಂತೇ ಇದ್ದ ಗಾಡಿಯೂ ಆ ಮಿತಿಯೊಳಗೆ ಇರುವುದಿಲ್ಲ. ನಸುಕಿನಲ್ಲಿ, ಗಾಡಿ ಚಾಲೂ ಮಾಡುವ ಮೊದಲೇ ಈ ಕೆಲಸ ಮುಗಿಸುವುದು ಒಳ್ಳೆಯದು.

ಕೊರತೆಯೆಂದರೆ, ಪಟ್ಟಿಗಳ ತುದಿ ಬಾಗಿಲ್ಲ. ಹೀಗಾಗಿ ಇಕ್ಕಟ್ಟಾದ ಎಕ್ಸಾಸ್ಟ್ ಬದಿಯಲ್ಲಿ ತೆಳು ಪಟ್ಟಿ ಬೇಗ ಸುಕ್ಕುಗಟ್ಟುತ್ತದೆ, ಸುಕ್ಕಾದ ಪಟ್ಟಿಯ ಅಳತೆಯನ್ನು ನಂಬುವಂತಿಲ್ಲ. ಸ್ಕ್ರೂ ಅಡ್ಜಸ್ಟರ್ ಇರುವ ಸಣ್ಣ ಗಾಡಿಗಳವರು ಧಾರಾಳವಾಗಿ ಕೊಳ್ಳಬಹುದು. ಸ್ಕ್ರೂ ಬದಲು ಶಿಮ್ (ನಿರ್ದಿಷ್ಟ ದಪ್ಪದ ಪುಟ್ಟ ಲೋಹದ ಬಿಲ್ಲೆ) ಬಳಸುವ ಎಂಜಿನ್‌ಗಳಲ್ಲಿ ಇದರಿಂದ ಅಳೆಯಬಹುದೇ ಹೊರತು, ಸರಿಪಡಿಸಲು ಶಿಮ್‌ಗಳನ್ನೇ ಬದಲಿಸಬೇಕಾಗುತ್ತದೆ.