ಅಮ್ಮನ ಕ್ಯಾಸೆಟ್‌ನಿಂದ ದನಿ ಬಿಡಿಸಲು: ಆಡಾಸಿಟಿ, ಒಂದು ವೆಬ್‌ಸೈಟ್, ಯುವಿಆರ್

ನನ್ನ ಕೈ ಹಿಡಿದದ್ದು ಯುವಿಆರ್, ಅಂದರೆ ಅಲ್ಟಿಮೇಟ್ ವೋಕಲ್ ರಿಮೂವರ್ ಎಂಬ, ಹಾಡಿನಿಂದ ದನಿ ಬೇರೆ ಮಾಡುವ ಸಾಫ್ಟ್‌ವೇರ್. ಅದು ಪೂರ್ತಿ ಉಚಿತ. ಇದು ಗೊತ್ತಾಗುವ ಮೊದಲೇ ಒಂದು ವೆಬ್‌ಸೈಟಿಗೆ 800 ರೂಪಾಯಿ ಕಟ್ಟಿಬಿಟ್ಟಿದ್ದೆ.

ಅಮ್ಮ ಹಾಡಿದ ದೇವರನಾಮಗಳ ಕ್ಯಾಸೆಟ್ ಒಂದಿದೆ. ಮನೆಯ ಹಾಲ್‌ನಲ್ಲಿ ಟೇಪ್ ರೆಕಾರ್ಡರ್ ಇಟ್ಟು, ಅದರ ಒಂದೇ ಮೈಕಿನಲ್ಲಿ ಹಿಡಿದದ್ದು. ಜೊತೆಗೆ ಹಾರ್ಮೋನಿಯಂ, ತಬಲಾ. ಅಮ್ಮ ಈಗ ಇಲ್ಲ. ಅವಳು ಹಾಡುವ ಸಂಗತಿಗಳನ್ನು, ಅಂದರೆ ಒಂದೇ ಸಾಲನ್ನು ಬೇರೆ ಬೇರೆ ರೀತಿ ಹಾಡುವುದನ್ನು, ಕೇಳಿ ಕಲಿಯಲು ತಂಗಿಗೆ ದನಿ ಮಾತ್ರ ಬೇಕಿತ್ತು.

ಮೊದಲು ಆಡಾಸಿಟಿ, ಆಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್. ವರ್ಷಗಳಿಂದ ಬಳಸುತ್ತಿದ್ದೇನೆ, ಕೈಗೆ ಒಗ್ಗಿದೆ. ಅದರಲ್ಲಿ ದನಿ ಬೇರೆ ಮಾಡುವ ‘ವೋಕಲ್ ರಿಡಕ್ಷನ್ ಅಂಡ್ ಐಸೊಲೇಷನ್’ ಹಾಕಿದೆ. ಬಂದ ಫೈಲಿನಲ್ಲಿ ಹಾರ್ಮೋನಿಯಂ, ತಬಲಾ ಎಲ್ಲ ಹಾಗೇ ಇದ್ದವು. ಸೆಟ್ಟಿಂಗ್ ತಪ್ಪಿರಬೇಕು ಅಂತ ಒಂದು ಭಾನುವಾರವಿಡೀ ತಿರುಗಿಸಿ ತಿರುಗಿಸಿ ನೋಡಿದೆ. ಕೊನೆಗೆ ಅದರಲ್ಲೇ ಇರುವ, ದನಿಯನ್ನು ತೆಗೆದುಹಾಕುವ ‘ರಿಮೂವ್ ವೋಕಲ್ಸ್’ ಒತ್ತಿದಾಗ ಅಮ್ಮನ ಜೊತೆ ತಬಲಾ, ಹಾರ್ಮೋನಿಯಂ ಕೂಡ ಮಾಯ! ಉಳಿದದ್ದು ಟೇಪಿನ ಸುಯ್ ಸದ್ದು ಮಾತ್ರ.

ಆಗ ಕಾರಣ ಹೊಳೆಯಿತು. ಸ್ಟುಡಿಯೋ ಹಾಡಿನಲ್ಲಿ ಗಾಯಕರ ದನಿಯನ್ನು ಸಾಮಾನ್ಯವಾಗಿ ನಡುವೆ ಇಡುತ್ತಾರೆ. ಎಡ, ಬಲ ಎರಡರಲ್ಲೂ ಅದು ಒಂದೇ ಸಮ. ಎಷ್ಟೋ ವಾದ್ಯಗಳು ಆಚೆ ಈಚೆ ಇರುತ್ತವೆ. ಈ ಉಪಾಯ ಹುಡುಕುವುದು ದನಿಯನ್ನಲ್ಲ, ಎರಡೂ ಕಡೆ ಸಮನಾಗಿರುವುದನ್ನು. ಒಂದೇ ಮೈಕಿನ ಮೋನೋ ಟೇಪಿನಲ್ಲಿ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸದ್ದು ಇರುವ ಟೇಪಿನಲ್ಲಿ, ಎಲ್ಲವೂ ಸಮ. ಇನ್ನು ಬೇರೆ ಮಾಡುವುದು ಏನನ್ನು? ಅದು ಆಡಾಸಿಟಿಯ ತಪ್ಪಲ್ಲ. ಆದರೆ ನಿಮ್ಮದೂ ಹಳೆಯ ಮೋನೋ ರೆಕಾರ್ಡಿಂಗ್ ಆಗಿದ್ದರೆ ಈ ದಾರಿಗೆ ಹೋಗಲೇಬೇಡಿ.

ವೆಬ್‌ಸೈಟ್ ದನಿಯನ್ನು ಚೆನ್ನಾಗಿಯೇ ಬಿಡಿಸಿತು. ಆದರೆ ನಿಮಿಷದ ಲೆಕ್ಕ. ಕ್ಯಾಸೆಟ್ಟಿನ ಒಂದು ಬದಿಯೇ 30 ನಿಮಿಷ. ಎರಡನೇ ಸಲ ಪ್ರಯತ್ನಿಸಿದರೆ ಮತ್ತೆ ದುಡ್ಡು.

ಯುವಿಆರ್ ನಡೆಯುವುದು ನಮ್ಮದೇ ಕಂಪ್ಯೂಟರಿನಲ್ಲಿ. ಬಹಳಷ್ಟು ಹಾಡು ಕೇಳಿಸಿ ತರಬೇತಿ ಕೊಟ್ಟ ಎಐ ಮಾಡೆಲ್‌ಗಳು ದನಿಯ ಗುರುತನ್ನೇ ಹಿಡಿಯುತ್ತವೆ. ಹಾಗಾಗಿ ಮೋನೋ ಆದರೂ ಸರಿಯೇ. ಅವುಗಳಲ್ಲಿ ಡೀಮಕ್ಸ್ ಎಂಬ ಮಾಡೆಲ್ ತಬಲಾವನ್ನು ಸೊಗಸಾಗಿ ತೆಗೆಯಿತು. ಹಾರ್ಮೋನಿಯಂ ಮಾತ್ರ ದನಿಯ ಬೆನ್ನಿಗೇ, ಅದೇ ಸ್ವರದಲ್ಲಿ ಬರುತ್ತದಲ್ವಾ, ಎಳೆದ ಸ್ವರಗಳಲ್ಲಿ ಅಂಟಿಕೊಂಡಿತು. ಹಲವು ಮಾಡೆಲ್‌ಗಳ ಫಲಿತಾಂಶ ಬೆರೆಸುವ ‘ಎನ್ಸೆಂಬಲ್ ಮೋಡ್’ನಲ್ಲಿ ಡೀಮಕ್ಸ್ ಮತ್ತು ಇನ್ನೊಂದು ಮಾಡೆಲ್ ಎಂಡಿಎಕ್ಸ್-ನೆಟ್ ಎರಡನ್ನೂ ಸೇರಿಸಿ, ಎರಡರಲ್ಲಿ ಕಡಿಮೆ ಇರುವ ಸದ್ದನ್ನೇ ಉಳಿಸುವ ‘ಮಿನ್ ಸ್ಪೆಕ್’ ಆರಿಸಿದೆ. ಒಂದರಲ್ಲಿ ಮಾತ್ರ ನುಸುಳಿದ್ದ ಸದ್ದು ಇದರಲ್ಲಿ ತಗ್ಗುತ್ತದೆ. ಚರಣಕ್ಕೆ ಮೊದಲು ಅಮ್ಮ ಉಸಿರು ತೆಗೆದುಕೊಳ್ಳುವುದು ನನಗೆ ಮೊದಲ ಸಲ ಕೇಳಿಸಿತು. ಅಲ್ಲಿಗೇ ನಿಲ್ಲಿಸಿ ಸುಮ್ನೆ ಕೂತುಬಿಟ್ಟೆ.

ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಇದು ತುಂಬ ನಿಧಾನ. ರಾತ್ರಿ ಹಚ್ಚಿಟ್ಟು ಮಲಗುತ್ತೇನೆ, ಬೆಳಗ್ಗೆ ಫೈಲ್ ಸಿದ್ಧ. ದಿನಕ್ಕೆ ಹತ್ತಾರು ಹಾಡು ಮುಗಿಸಬೇಕಾದವರಿಗೆ ವೆಬ್‌ಸೈಟೇ ಸರಿ ಹೋಗಬಹುದು. ನನಗೆ ಇದ್ದದ್ದು ಒಂದು ಕ್ಯಾಸೆಟ್, ಜಾಸ್ತಿ ಖರ್ಚು ಮಾಡುವ ಹಾಗಿರಲಿಲ್ಲ.

ಟೇಪಿನ ಸುಯ್ ಸದ್ದು ತೆಗೆಯಲು ಈಗಲೂ ಆಡಾಸಿಟಿಯೇ. ಅದನ್ನು ದನಿ ಬಿಡಿಸಿದ ಮೇಲೆ ಮಾಡಿ. ನಾನು ಮೊದಲೇ ಮಾಡಿದ್ದ ಹಾಡಿನಲ್ಲಿ ಸಕಾರ, ಶಕಾರಗಳೆಲ್ಲ ಮಂಕಾದವು. ಅದೊಂದನ್ನು ಕ್ಯಾಸೆಟ್‌ನಿಂದ ಮತ್ತೆ ಇಳಿಸಿಕೊಳ್ಳಬೇಕಾಯಿತು.